ಹೊಸ ಪಿಸ್ತೂಲಿನ ಗೀರು

ನಾನು ಬಂದೂಕಿನ ಅಂಗಡಿಯಲ್ಲಿ ಕೆಲಸಕ್ಕಿದ್ದಾಗಿನ ಮಾತು. ಲೈಸೆನ್ಸ್ ಹಿಡಿದು ಬಂದಿದ್ದ ಹಿರೇಹಡಗಲಿಯ ಶೇಂಗಾ ವ್ಯಾಪಾರಿಯೊಬ್ಬರು ಹೊಸ ಪಿಸ್ತೂಲನ್ನು ಬಿಸಿಲಿಗೆ ಹಿಡಿದು ಮುಖ ಗಂಟಿಕ್ಕಿದರು.

"ಗೀರು ಬಿದ್ದೈತಿ, ನಳಿಗ್ಯಾಗ ಮಸಿನೂ ಐತಿ. ಯಾರೋ ಬಳಸಿದ್ದು ಕೊಡಾಕತ್ತೀರಿ."

"ಅದು ಮಷಿನ್ನಿನ ಗೆರಿ ರೀ. ನಳಿಗ್ಯಾಗಿನ ಮಸಿ, ಕಾರ್ಖಾನ್ಯಾಗ ಹೊಡೆದು ನೋಡಿದ್ದು. ಎಲ್ಲಾ ಹೊಸಾವೂ ಹಿಂಗ ಬರ್ತಾವ."

"ಹೊಸ ಸೀರಿ ಯಾರರ ಉಟ್ಟು ನೋಡಿ ಮಾರ್ತಾರೇನ್ರಿ?"

ನಾನು ಇನ್ನೆರಡು ಪಿಸ್ತೂಲು ತೆಗೆದು ತೋರಿಸಿದೆ. ಅವಕ್ಕೂ ಗೀರಿದ್ದವು. ಕೊನೆಗೆ ಮೊದಲಿನದನ್ನೇ ಒಪ್ಪಿ, ನನ್ನ ಮುಂದೆ ತಳ್ಳಿದರು.

"ಹಂಗಾರ ಇದರ ಮ್ಯಾಲೆ ನನ್ನ ಹೆಸರು ಕೊರೆದು ಕೊಡ್ರಿ."

"ಪಿಸ್ತೂಲಿನ ಮ್ಯಾಲಾ?"

"ಪಾತ್ರಿ ಅಂಗಡ್ಯಾಗ ಸ್ಟೀಲ್ ಚಂಬಿಗೆ ಹಾಕಿ ಕೊಡ್ತಾರಲ್ರಿ. ಎಲೆಕ್ಷನ್ ಬಂದ್ರ ಎಲ್ಲಾರದೂ ಪಿಸ್ತೂಲು ಪೊಲೀಸ್ ಠಾಣ್ಯಾಗ ಇಡಬೇಕು. ಮದುವಿ ಮನ್ಯಾಗ ಪಾತ್ರಿ ಅದಲುಬದಲು ಆದಂಗ ಆದ್ರ?"

ಅದಕ್ಕೇ ನಂಬರ್ ಇದೆ, ಹೆಸರು ಕೊರೆಯುವಂತಿಲ್ಲ ಎಂದೆ. ಅವರು ಗೀರಿನ ಮೇಲೆ ಬೆರಳಾಡಿಸಿದರು.

"ನಂಬರ್ ಯಾರು ನೆನಪಿಟ್ಕೊಂತಾರ್ರಿ. ಈ ಗೀರೇ ನನ್ನ ಗುರ್ತು, ಸಾಕು ಬಿಡ್ರಿ."

ಚುನಾವಣೆ ಮುಗಿದ ಮೇಲೆ, ಪಿಸ್ತೂಲು ಬದಲಾಗಿದೆ ಎಂದು ಸಿಟ್ಟಿನಿಂದ ಬಂದರು. ನಂಬರ್ ಅವರದೇ ಇತ್ತು. ಠಾಣೆಯಲ್ಲಿ ಯಾರೋ ಪುಣ್ಯಾತ್ಮರು ಚೆನ್ನಾಗಿ ಎಣ್ಣೆ ಹಚ್ಚಿ ಕೊಟ್ಟಿದ್ದರು. ನಾನು ಎಣ್ಣೆ ಒರೆಸಿ ಗೀರು ಹುಡುಕಿಕೊಟ್ಟ ಮೇಲೆಯೇ ಅವರು ಕುರ್ಚಿಯಲ್ಲಿ ಕೂತು ಚಹಾ ಕುಡಿದದ್ದು.