ಹೊಲಿಗೆ ಮಷೀನಿನ ಮೇಲೆ ಲ್ಯಾಟಿನ್

ಐವತ್ತರ ಹತ್ತಿರ ಬಂದವನು ಸಕ್ಕರೆ ಕಾಯಿಲೆಯ ಬಗ್ಗೆ ಚಿಂತೆ ಮಾಡಬೇಕು. ನಾನು ಲ್ಯಾಟಿನ್ ವಿಭಕ್ತಿಗಳ ಬಗ್ಗೆ ಮಾಡುತ್ತಿದ್ದೆ. ಸಕ್ಕರೆಯ ಚಿಂತೆಯನ್ನೂ ಬಿಟ್ಟಿರಲಿಲ್ಲ ಅನ್ನಿ. ಚಿಂತೆಯ ವಿಷಯದಲ್ಲಿ ನಾನು ಯಾವುದಕ್ಕೂ ಅನ್ಯಾಯ ಮಾಡುವವನಲ್ಲ.

ಮನೆ ಹುಮನಾಬಾದಿನಲ್ಲಿ, ನೌಕರಿ ಬಸವಕಲ್ಯಾಣದ ಕಾಲೇಜೊಂದರಲ್ಲಿ. ಸಸ್ಯಶಾಸ್ತ್ರ ಕಲಿಸುತ್ತೇನೆ. ಒಂದು ದಿನ ಮುಂದಿನ ಬೆಂಚಿನ ಹುಡುಗಿ ಎದ್ದು, "ಸರ್, ಮಾವಿಗಿ ಇಂಡಿಕಾ ಅಂತ ಬರಸ್ತೀರಿ, ಎಳ್ಳಿಗಿ ಇಂಡಿಕಮ್ ಅಂತೀರಿ. ಹಿಂಗ್ಯಾಕ್ರಿ?" ಅಂದಳು. ಇಪ್ಪತ್ತು ವರ್ಷ ಆ ಹೆಸರುಗಳನ್ನು ಬೋರ್ಡಿನ ಮೇಲೆ ಬರೆದ ನನಗೆ ಉತ್ತರ ಗೊತ್ತಿರಲಿಲ್ಲ. "ಅದು ರೂಢಿ, ಬರಕೋ," ಅಂದೆ. ಆಕೆ ನಂಬಿ ಬರೆದುಕೊಂಡಳು. ಬೈದಿದ್ದರೆ ಮರೆಯುತ್ತಿದ್ದೆ, ಬರೆದುಕೊಂಡಿದ್ದು ಚುಚ್ಚಿತು.

ಗಿಡಗಳ ಆ ಹೆಸರುಗಳು ನಡೆಯುವುದು ಲ್ಯಾಟಿನ್ ವ್ಯಾಕರಣದಂತೆ; ಹೀಗೆ ಆನ್‌ಲೈನ್ ಲ್ಯಾಟಿನ್ ತರಗತಿಗೆ ಸೇರಿದೆ. ಕಲಿಸುವವರು ಮಂಗಳೂರಿನ ಕಡೆಯ ನಿವೃತ್ತ ಟೀಚರಮ್ಮ. ನಮಗೂ ವಿಭಕ್ತಿಗಳಿವೆಯಲ್ಲ, ಇದೇನು ಮಹಾ ಎಂಬ ಜಂಬದಲ್ಲೇ ಶುರು ಮಾಡಿದೆ. ಆದರೆ ನಮ್ಮ ವಿಭಕ್ತಿಗಳು ಬಡಪಾಯಿಗಳು, ಹೆಚ್ಚು ಕಡಿಮೆ ಯಾವ ಶಬ್ದಕ್ಕಾದರೂ ಹೋಗಿ ಅಂಟಿಕೊಳ್ಳುತ್ತವೆ. ಲ್ಯಾಟಿನ್ನಿನಲ್ಲಿ ನಾಮಪದಗಳಿಗೆ ಐದು ಗುಂಪು. ಒಂದು ಗುಂಪಿನ ಬಾಲ ಇನ್ನೊಂದಕ್ಕೆ ನಡೆಯುವುದಿಲ್ಲ. ಮೂರನೆಯ ಗುಂಪಂತೂ ಮದುವೆ ಮನೆಯಲ್ಲಿ ಮುನಿಸಿಕೊಂಡ ಬೀಗರ ಹಾಗೆ, ಎಷ್ಟು ಕರೆದರೂ ಸರಿಯಾಗಿ ಬರುವುದಿಲ್ಲ.

ಐದೂ ಗುಂಪುಗಳನ್ನು ಪುಸ್ತಕ ನೋಡದೆ ಒಪ್ಪಿಸಬೇಕು. ಮೂರು ಅವಕಾಶ, ಮೂರರಲ್ಲೂ ತಪ್ಪಿದರೆ ತರಗತಿಯಿಂದ ಹೊರಗೆ. ಒಪ್ಪಿಸಿದವರಿಗೆ ಮುಂದೆ ಗ್ರೀಕ್. ಆ ಗ್ರೀಕ್ ಪುಸ್ತಕವನ್ನು ಒಮ್ಮೆ ಇಣುಕಿ ನೋಡಿದ್ದೆ. ಅರ್ಧ ಅಕ್ಷರಗಳು ಗಣಿತದ ಪಾಠದಿಂದ ತಪ್ಪಿಸಿಕೊಂಡು ಬಂದಂತಿದ್ದವು. ಅಷ್ಟರಲ್ಲಿ ನಾನು ಎರಡು ಸಲ ಮೂರನೆಯ ಗುಂಪಿನಲ್ಲಿ ಬಿದ್ದಾಗಿತ್ತು. ಉಳಿದದ್ದು ಒಂದೇ.

ಸಂಜೆ ಹುಮನಾಬಾದಿನ ಬಸ್ಸು ಬರುವ ತನಕ ನಾನು ಕೂರುವುದು ಬಸವಕಲ್ಯಾಣದ ಒಬ್ಬ ಟೇಲರ್ ಚಾಚಾನ ಅಂಗಡಿಯಲ್ಲಿ. ಅಲ್ಲಿ ನಾನು ವಿಭಕ್ತಿಗಳ ಚೀಟಿ ಹಿಡಿದು ಗೊಣಗುವುದನ್ನು ಆತ ನಾಲ್ಕು ದಿನ ನೋಡಿದ. ಐದನೆಯ ದಿನ ಕತ್ತರಿ ಕೆಳಗಿಟ್ಟ.

"ಮಾಸ್ತರ್ ಸಾಬ್, ಹಿಂಗ ಬಾಯಾಗೇ ಗುಣುಗುಣು ಅಂದ್ರ ಸಬಕ್ ತಲ್ಯಾಗ ಹೋಗಲ್ರಿ. ಇದು ಗರ್ದಾನ್ ಅದ. ಜೋರಾಗಿ ಅನ್ಬೇಕು, ಮೈ ಹೊಯ್ದಾಡಸ್ಬೇಕು."

ಚಿಕ್ಕಂದಿನಲ್ಲಿ ಮದರಸಾದಲ್ಲಿ ಅರಬ್ಬಿ ಕ್ರಿಯಾಪದಗಳ ರೂಪಗಳನ್ನು ಆತ ಹಾಗೆಯೇ ಕಲಿತಿದ್ದನಂತೆ; ಒಂದು ಶಬ್ದವನ್ನು ಅದರ ಎಲ್ಲ ರೂಪಗಳಲ್ಲಿ ಸಾಲಾಗಿ ತಿರುಗಿಸುವುದೇ ಗರ್ದಾನ್. ಕಣ್ಣು ಮುಚ್ಚಿ, "ನಸರ, ನಸರಾ, ನಸರೂ" ಎಂದು ಶುರು ಮಾಡಿದವನು ಉಸಿರು ಕಟ್ಟದೆ ಕೊನೆ ಮುಟ್ಟಿದ. ಅರವತ್ತು ವರ್ಷದ ಹಿಂದಿನ ಪಾಠ! ನನಗೆ ನಿನ್ನೆಯದು ನೆನಪಿರಲಿಲ್ಲ.

"ಈಗ ನೀವು ಅನ್ರಿ. ನಾ ತಾಳ ಹಾಕ್ತೀನಿ." ಆತ ಮಷೀನು ತುಳಿಯತೊಡಗಿದ. ಖಟಖಟ ಖಟಖಟ. ಅದರ ಮೇಲೆ ನಾನು: "ರೇಕ್ಸ್, ರೇಗಿಸ್, ರೇಗೀ, ರೇಗೆಮ್, ರೇಗೆ." ರೇಕ್ಸ್ ಅಂದರೆ ರಾಜ, ಮೂರನೆಯ ಗುಂಪಿನವನು ಎಂದು ಚಾಚಾನಿಗೂ ಹೇಳಿದೆ.

ಎರಡು ವಾರದಲ್ಲಿ ಐದೂ ಗುಂಪು ನಾಲಿಗೆಗೆ ಬಂದವು. ಆದರೆ ಮನೆಯಲ್ಲಿ ಹೆಂಡತಿಯ ಎದುರು ಒಪ್ಪಿಸಲು ಕೂತರೆ ಮೂರನೆಯ ಶಬ್ದಕ್ಕೇ ತಡವರಿಸಿದೆ. ಕಾಲು ಕುಣಿಸಿದೆ, ಶಬ್ದಗಳು ಬಂದವು.

"ಕಾಲ್ ಅಳ್ಳಾಡಸಬ್ಯಾಡ್ರೀ, ಮನೀಗಿ ಛಲೋ ಅಲ್ಲ," ಅಂದಳು.

ಕಾಲು ನಿಂತಿತು. ಲ್ಯಾಟಿನ್ನೂ ನಿಂತಿತು.

"ಇನ್ನ ಏನ್ ಮಾಡ್ಲಿ?" ಅಂದೆ.

"ಆ ಮಷೀನ್ ಮುಂದ್ ಹೋಗಿ ಕುಂಡ್ರಿ. ನಿಮ್ಮ ವಿದ್ಯಾ ಪೂರಾ ಅದರಾಗೇ ಉಳದದ."

ಆಕೆ ತಮಾಷೆಗೆ ಹೇಳಿದ್ದು, ನಾನು ಆದೇಶವೆಂದು ತಿಳಿದೆ. ಪರೀಕ್ಷೆಯ ಭಾನುವಾರ ಮಧ್ಯಾಹ್ನ ಬಸ್ಸು ಹಿಡಿದೆ. ಬಸ್ಸು ಕೆಟ್ಟರೆ, ಚಾಚಾ ಇರದಿದ್ದರೆ, ಮಷೀನಿನ ಬೆಲ್ಟು ಹರಿದರೆ ಎಂದು ದಾರಿಯುದ್ದಕ್ಕೂ ಒಂದೊಂದಾಗಿ ಎಣಿಸಿದೆ. ಯಾವುದೂ ಆಗಲಿಲ್ಲ. ಫೋನನ್ನು ದಾರದ ಉಂಡೆಗಳಿಗೆ ಒರಗಿಸಿ ಕೂತೆ. ಪರದೆಯ ಮೇಲೆ ಟೀಚರಮ್ಮ ಬಂದರು. ಚಾಚಾ ತುಳಿದ.

"ನಿಮ್ಮ ಹಿಂದೆ ಅದೆಂಥ ಶಬ್ದ ಮಾರಾಯ್ರೆ? ನಿಲ್ಲಿಸ್ಲಿಕ್ಕೆ ಹೇಳಿ."

ನನಗೆ ಸುಳ್ಳು ಹೇಳುವಷ್ಟೂ ಧೈರ್ಯವಿರಲಿಲ್ಲ. "ಮೇಡಂ, ಅದು ನಿಂತ್ರ ನಾನೂ ನಿಲ್ತೀನ್ರಿ," ಎಂದು ಇದ್ದದ್ದನ್ನೆಲ್ಲ ಹೇಳಿಬಿಟ್ಟೆ.

ಅವರು ಕನ್ನಡಕ ತೆಗೆದು ಒರೆಸಿದರು. "ನಾವು ಕಲಿಯುವಾಗ ಮೇಜು ಕುಟ್ಟುತ್ತಿದ್ದೆವು," ಅಂದರು. "ಆಯ್ತು. ತುಳಿಯಲಿ. ಆದರೆ ಒಂದು ತಪ್ಪಾದರೂ ಬಿಡುವುದಿಲ್ಲ."

ಮೊದಲ ಗುಂಪು ಹೋಯಿತು, ಎರಡನೆಯದೂ. ಮೂರನೆಯದಕ್ಕೆ ಬಂದಾಗ ಚಾಚಾ ವೇಗ ಇಳಿಸಿದ, ಏರಿನಲ್ಲಿ ಬಂಡಿ ಹೊಡೆಯುವವನ ಹಾಗೆ. ಆ ನಿಧಾನದಲ್ಲಿ ಒಂದೊಂದೇ ರೂಪ ದಾಟಿದೆ. ಐದನೆಯದು ಮುಗಿದಾಗ ಮಷೀನು ತಾನಾಗಿ ನಿಂತಿತು.

"ಪಾಸು," ಅಂದರು ಟೀಚರಮ್ಮ. "ಮುಂದಿನ ವಾರ ಗ್ರೀಕ್. ಅವರನ್ನೂ ಕರೆದುಕೊಂಡು ಬನ್ನಿ."

ಚಾಚಾನ ಕಡೆ ತಿರುಗಿದರೆ ಆತ ಸೂಜಿಯ ಕೆಳಗಿನ ಬಟ್ಟೆಯನ್ನೇ ನೋಡುತ್ತಿದ್ದ. ಉದ್ದ ಕಡಿಮೆ ಮಾಡಲು ನಾನೇ ಕೊಟ್ಟಿದ್ದ ಪ್ಯಾಂಟು. ಒಂದು ಕಾಲಿನ ಬಾಯಿ ಚೀಲದ ಹಾಗೆ ಪೂರ್ತಿ ಹೊಲಿದು ಹೋಗಿತ್ತು, ಅದೂ ಮೂರು ಸಾಲು.

"ನಲವತ್ತು ವರ್ಸದಾಗ ಹಿಂಗ ಮಾಡಿಲ್ರಿ," ಅಂದ. "ನಿಮ್ಮ ರಾಜಾ ಮೂರನೇ ಮನ್ಯಾಗ ಸಿಕ್ಕೊಂಡಿದ್ದ, ನಂದು ಜೀವ ಅಲ್ಲೇ ಇತ್ತು."

ಬ್ಲೇಡು ತೆಗೆದುಕೊಂಡು ಹೊಲಿಗೆ ಬಿಚ್ಚುತ್ತ ಕೂತ. ಬಸ್ಸು ಹಾರ್ನ್ ಹಾಕಿತು, ನಾನು ಏಳಲಿಲ್ಲ. ಇಬ್ಬರಿಗೂ ಇನ್ನೊಂದು ಚಹಾ ಹೇಳಿದೆ, ಸಕ್ಕರೆ ಹಾಕಿಸಿ.