ಪಾಸ್ ಇಲ್ಲದ ಹುಂಜದ ಮರಿ

ಕೆಲಮಂಗಲದ ಹತ್ತಿರ, ಮೊಟ್ಟೆಕೋಳಿಯ ಮರಿ ಮಾಡಿಸುವ ಒಂದು ಹ್ಯಾಚರಿಗೆ ಜನರೇಟರ್ ರಿಪೇರಿಗೆ ಹೋಗಿದ್ದೆ. ಒಳಗೆ ಹೆಂಗಸರು ಆ ದಿನ ಹುಟ್ಟಿದ ಮರಿಗಳನ್ನು ಆರಿಸುತ್ತಿದ್ದರು. ಹೆಣ್ಣು ಟ್ರೇಗೆ, ಗಂಡು ಡ್ರಮ್ಮಿಗೆ.

"ಡ್ರಮ್ಮಿಗೆ ಯಾಕಮ್ಮ?" ಎಂದು ಒಬ್ಬಳನ್ನು ಕೇಳಿದೆ.

"ಗಂಡು ಮೊಟ್ಟೆ ಇಡ್ತದಾ ತಾತ? ಈ ಜಾತೀಗೆ ಮಾಂಸಾನೂ ತುಂಬಲ್ಲ. ವೇಸ್ಟು."

ಡ್ರಮ್ಮಿನಲ್ಲಿ ಮೇಲಿದ್ದ ಒಂದನ್ನು ಎತ್ತಿ ಟೂಲ್ ಚೀಲಕ್ಕೆ ಹಾಕಿಕೊಂಡೆ. ಅವಳು ಅದನ್ನು ನೋಡಿ, ಮುಂದಿನ ಮರಿಯನ್ನು ಕೈಗೆತ್ತಿಕೊಂಡಳು.

ಗೇಟಿನ ಹತ್ತಿರ ಮರಿ ಕೂಗಿತು. ವಾಚ್‌ಮನ್ ತಡೆದ.

"ಯಜಮಾನ್ರೇ, ಇದಕ್ಕೆ ಬಿಲ್ ಎಲ್ಲಿ, ಗೇಟ್ ಪಾಸ್ ಎಲ್ಲಿ?"

"ಬಿಸಾಕಿದ್ದು ಕಣಪ್ಪ."

"ಬಿಸಾಕಿದ್ದು ಕಸದ ಗಾಡೀಲಿ ಹೋಗ್ಬೇಕು. ಜೀವ ಇರೋದು ಬಿಲ್ ಮೇಲೆ ಹೋಗ್ಬೇಕು. ಇದು ಎರಡೂ ಅಲ್ಲ. ವಾಪಸ್ ಡ್ರಮ್ಮಿಗೆ ಹಾಕ್ಬುಡಿ."

"ಹಾಕಲ್ಲ."

"ನನ್ನ ಕೆಲಸ ಹೋಗ್ತದೆ."

ನಾನು ಅಲ್ಲೇ ಕಲ್ಲಿನ ಮೇಲೆ ಕೂತೆ. ಅವನು ಚೀಲದೊಳಗೆ ಬೆರಳಿಟ್ಟ. ಮರಿ ಕುಕ್ಕಿತು. ಅವನು ಬೆರಳು ಹಿಂದಕ್ಕೆಳೆದುಕೊಂಡು ರಿಜಿಸ್ಟರ್ ತೆಗೆದ. ಬೆಳಗ್ಗೆ ನಾನು ಒಳಗೆ ತಂದ ಸಾಮಾನಿನ ಪಟ್ಟಿ ಅದರಲ್ಲಿತ್ತು. ಸ್ಪ್ಯಾನರ್, ಟೆಸ್ಟರ್ ಕೆಳಗೆ "ಕೋಳಿಮರಿ ಒಂದು" ಎಂದು ಸೇರಿಸಿದ.

"ತಂದೋರೂ ನೀವೇ, ತಕೊಂಡು ಹೋಗೋರೂ ನೀವೇ. ನಡೀರಿ ಬೇಗ."

ನಾನು ಹೊರಬೀಳುವಾಗ ಪಕ್ಕದಲ್ಲೇ ಕಸದ ಗಾಡಿ ಡ್ರಮ್ ಹೇರಿಕೊಂಡು ಹೊರಟಿತು. ಅದನ್ನು ಅವನು ತಡೆಯಲಿಲ್ಲ. ಆ ಕಡೆ ನೋಡಲೂ ಇಲ್ಲ.

ಮರಿ ಈಗ ಹುಂಜವಾಗಿ ಅವಲಪಲ್ಲಿಯ ನಮ್ಮ ಮನೆಯಲ್ಲಿ ನಸುಕಿಗೇ ಕೂಗುತ್ತದೆ. ನನ್ನ ಸಾಮಾನುಗಳಲ್ಲಿ ನನಗಿಂತ ಮೊದಲು ಕೆಲಸ ಶುರುಮಾಡುವುದು ಅದೊಂದೇ.