ಬೆಳಿಗ್ಗೆ ಸ್ವಸ್ಥ, ಮಧ್ಯಾಹ್ನ ಅಸ್ವಸ್ಥ

ನನ್ನ ವೃತ್ತಿಜೀವನವೆಲ್ಲ ಶಾಸನಗಳ ಕಾಲನಿರ್ಣಯದಲ್ಲಿ ಕಳೆಯಿತು. ಕಲ್ಲಿನ ಮೇಲೆ ಶಕವರ್ಷ, ಸಂವತ್ಸರ, ತಿಥಿ, ವಾರ ಎಲ್ಲವನ್ನೂ ಕೊರೆದಿದ್ದರೆ, ಅವು ಒಂದಕ್ಕೊಂದು ಹೊಂದುತ್ತವೆಯೇ ಎಂದು ಲೆಕ್ಕ ಹಾಕಿ ನೋಡುವುದು ನನ್ನ ಕೆಲಸ. ಹೊಂದದಿದ್ದರೆ ಅದು ಕೂಟಶಾಸನವಿರಬಹುದು, ಅಂದರೆ ಯಾರೋ ತಮ್ಮ ಅನುಕೂಲಕ್ಕಾಗಿ ಆಮೇಲೆ ಸೃಷ್ಟಿಸಿದ ದಾಖಲೆಯಿರಬಹುದು ಎಂದು ಶಂಕಿಸುತ್ತೇವೆ. ನೂರಾರು ವರ್ಷಗಳ ಹಿಂದಿನ ದಾನಿಯೊಬ್ಬ ಸುಳ್ಳು ಹೇಳಿದ್ದಾನೆಂದು ನಾನು ಪ್ರಬಂಧ ಬರೆದರೆ ಯಾರೂ ಸಿಟ್ಟಾಗುತ್ತಿರಲಿಲ್ಲ. ಜೀವಂತ ಇನ್‌ಸ್ಪೆಕ್ಟರುಗಳ ವಿಷಯದಲ್ಲಿ ಈ ಸೌಲಭ್ಯವಿಲ್ಲವೆಂಬುದು ನಿವೃತ್ತನಾದ ಮೇಲೆ ತಿಳಿಯಿತು.

ಜಕ್ಕೂರಿನ ಹಳೆಯ ಊರಿನೊಳಗಿನ ಮನೆಯೊಂದರ ಮಹಡಿಗೆ ನಾನು ಬಾಡಿಗೆಗೆ ಬಂದದ್ದು 2008ರಲ್ಲಿ. ಹೊಸ ವಿಮಾನ ನಿಲ್ದಾಣ ತೆರೆದ ವರ್ಷವೂ ಅದೇ ಆದ್ದರಿಂದ ಇದರಲ್ಲಿ ತಪ್ಪಾಗುವ ಸಂಭವವಿಲ್ಲ. ಕೆಳಗಿನ ಮನೆಯಲ್ಲಿ ಮನೆಯೊಡತಿ ಮತ್ತು ಅವರ ತಮ್ಮ ಇದ್ದರು. ರಾಗಿ ಬೆಳೆಯುತ್ತಿದ್ದ ಅವರ ಹೊಲದ ಮೇಲೆ ಈಗ ಈಜುಕೊಳವುಳ್ಳ ಅಪಾರ್ಟ್‌ಮೆಂಟು ನಿಂತಿದೆ. ತಮ್ಮನಿಗೆ ಹದಿಹರೆಯದಿಂದಲೂ ಕಿವಿಯಲ್ಲಿ ಧ್ವನಿಗಳು ಕೇಳಿಸುತ್ತಿದ್ದವು. ತಿಂಗಳಿಗೊಮ್ಮೆ ಅಕ್ಕ ಅವರನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು ಮಾತ್ರೆ ತರುತ್ತಿದ್ದರು. ಮಾತ್ರೆ ನುಂಗಿದ ಮೇಲೆ ಅವರು ನೇರವಾಗಿ ಕೆಲಸಕ್ಕೆ ಹೋಗುತ್ತಿದ್ದರು. ಕೆಲಸವೆಂದರೆ, ನಮ್ಮ ಕಡೆಯ ರಸ್ತೆಯೊಂದು ವಿಮಾನ ನಿಲ್ದಾಣದ ಹೆದ್ದಾರಿಯನ್ನು ಸೇರುವ ಕಡೆ ನಿಂತು ವಾಹನಗಳನ್ನು ನಿಯಂತ್ರಿಸುವುದು.

ಈ ಹುದ್ದೆಗೆ ಅವರನ್ನು ಯಾರೂ ನೇಮಿಸಿರಲಿಲ್ಲ. ಆದರೆ ನೆರಳಿನಲ್ಲಿ ನಿಂತು ಮೊಬೈಲು ನೋಡುವ ಸಂಚಾರಿ ಪೇದೆಗಳಿಗೆ ಈ ವ್ಯವಸ್ಥೆ ಬಹಳ ಹಿಡಿಸಿತ್ತು. ಅವರೇ ಒಂದು ಸೀಟಿ ಕೊಟ್ಟರು, ಹೊಳೆಯುವ ಪಟ್ಟಿಯ ಹಳೆಯ ಜಾಕೆಟ್ಟನ್ನೂ ಕೊಟ್ಟರು. ಒಂದು ವರ್ಷ ರಸ್ತೆ ಸುರಕ್ಷತಾ ಸಪ್ತಾಹದಲ್ಲಿ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿತ್ತು, ‘ಮಾದರಿ ನಾಗರಿಕ’ ಎಂದು ಧ್ವನಿವರ್ಧಕದಲ್ಲಿ ಘೋಷಿಸಿದರು. ಮಾದರಿ ನಾಗರಿಕನ ಬುದ್ಧಿ ಸ್ಥಿಮಿತದಲ್ಲಿದೆಯೇ ಎಂದು ಅಂದು ಯಾರೂ ಕೇಳಲಿಲ್ಲ.

2018ರಲ್ಲಿ ಮಾನಸಿಕ ಆರೋಗ್ಯದ ಹೊಸ ಕಾನೂನು ಜಾರಿಗೆ ಬಂತು. ಪಂಚಾಂಗದ ಪ್ರಕಾರ ಅದು ವಿಳಂಬಿ ಸಂವತ್ಸರದ ಅಧಿಕ ಜ್ಯೇಷ್ಠ. ಎರಡು ಪಂಚಾಂಗಗಳನ್ನು ತಾಳೆ ನೋಡಿಯೇ ಬರೆಯುತ್ತಿದ್ದೇನೆ. ಮನೋರೋಗಿಯೊಬ್ಬ ಬೀದಿಯಲ್ಲಿ ಅಲೆಯುತ್ತಿದ್ದರೆ ಪೊಲೀಸರು ಅವನನ್ನು ರಕ್ಷಣೆಗೆ ತೆಗೆದುಕೊಳ್ಳತಕ್ಕದ್ದು ಎಂದು ಆ ಕಾನೂನು ಹೇಳುತ್ತದೆ. ಆಷಾಢದಲ್ಲಿ ನಮ್ಮ ಸರಹದ್ದಿನ ಠಾಣೆ ಈ ಕರ್ತವ್ಯವನ್ನು ಅತ್ಯಂತ ಶ್ರದ್ಧೆಯಿಂದ ನೆರವೇರಿಸಿತು.

ನಡೆದದ್ದು ಇಷ್ಟು. ಗಣ್ಯರೊಬ್ಬರ ಬೆಂಗಾವಲು ವಾಹನಗಳ ಸಾಲು ವಿಮಾನ ನಿಲ್ದಾಣದತ್ತ ಹೊರಟಿತ್ತು. ಅದೇ ಹೊತ್ತಿಗೆ ಶಾಲೆಯ ವ್ಯಾನೊಂದು ಅಡ್ಡರಸ್ತೆಯಲ್ಲಿ ಬಹಳ ಹೊತ್ತಿನಿಂದ ಕಾಯುತ್ತಿತ್ತು. ಸರದಿ ವ್ಯಾನಿನದೆಂದು ತಮ್ಮ ತೀರ್ಮಾನಿಸಿದರು. ಸೀಟಿ ಊದಿ, ಕೈ ಅಡ್ಡ ಹಿಡಿದು, ಮುಂಚೂಣಿಯ ಜೀಪನ್ನು ನಿಲ್ಲಿಸಿಬಿಟ್ಟರು. ವ್ಯಾನು ದಾಟಿತು, ಗಣ್ಯರಿಗೆ ವಿಮಾನವೂ ಸಿಕ್ಕಿತು. ತಮ್ಮನಿಗೆ ಪೊಲೀಸ್ ಠಾಣೆ ಸಿಕ್ಕಿತು.

ವಿಷಯ ತಿಳಿದು ಅಕ್ಕ ನನ್ನನ್ನು ಜೊತೆಗೆ ಕರೆದುಕೊಂಡು ಠಾಣೆಗೆ ಓಡಿದರು. ಅಲ್ಲಿ ತಮ್ಮ, ಬೆಂಚಿನ ಮೇಲೆ ಕೂರಲಾಗದೆ, ಗೋಡೆ ಹಿಡಿದು ನಿಂತಿದ್ದರು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಇನ್‌ಸ್ಪೆಕ್ಟರು ನನಗೆ ಕುರ್ಚಿ ಕೊಡಿಸಿ, ಬಹಳ ಸೌಜನ್ಯದಿಂದ ಮಾತಾಡಿದರು.

“ನೋಡಿ ಸಾರ್, ಹೊಸ ಆಕ್ಟ್ ಬಂದಿದೆ. ಅದ್ರಲ್ಲೇ ರಕ್ಷಣೆಗೆ ತಗೊಂಡಿದ್ದು.”

“ಬೆನ್ನು ನೋಡಿ ಸ್ವಾಮಿ!” ಎಂದರು ಅಕ್ಕ. “ಯಾರು ಹೊಡ್ದಿದ್ದು?”

“ಯಾರೂ ಹೊಡ್ದಿಲ್ಲಮ್ಮ. ತಾನೇ ಗೋಡೆಗೆ ಗುದ್ದಿಕೊಂಡ.”

“ಬೆನ್ನಲ್ಲಿ ಯಾರಾದ್ರೂ ಗೋಡೆಗೆ ಗುದ್ದಿಕೋತಾರಾ?”

“ಅದಕ್ಕೇ ಕಣಮ್ಮ ಹುಚ್ಚ ಅನ್ನೋದು.”

ತರ್ಕಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ. ತಮ್ಮನನ್ನು ಆಟೋದಲ್ಲಿ ಕೂರಿಸಿ ನಾವು ಆಸ್ಪತ್ರೆಗೆ ಹೋದೆವು.

ಸರ್ಕಾರಿ ನೌಕರನ ಕರ್ತವ್ಯಕ್ಕೆ ಅಡ್ಡಿಪಡಿಸಿ ಕೈಮಾಡಿದರೆಂದು ಅವರ ಮೇಲೆ ಪ್ರಕರಣ ದಾಖಲಾಗಿರುವುದು ಆಮೇಲೆ ಗೊತ್ತಾಯಿತು. ಅಕ್ಕ ಅಂದೇ ಹೊಡೆತದ ಬಗ್ಗೆ ಕೊಟ್ಟ ದೂರನ್ನು ಮಾತ್ರ ಠಾಣೆಯವರು ವಿಚಾರಿಸಿ ಮುಗಿಸಿಬಿಟ್ಟಿದ್ದರು. ಎರಡರ ನಕಲುಗಳೂ ನನ್ನ ಮೇಜಿಗೆ ಬಂದವು. ಮೊದಲನೆಯದರ ಪ್ರಕಾರ ಆರೋಪಿಯು ಸ್ವಸ್ಥಚಿತ್ತನಾಗಿ, ಯಾರ ಒತ್ತಾಯವೂ ಇಲ್ಲದೆ ತಪ್ಪೊಪ್ಪಿಕೊಂಡು ಹೆಬ್ಬೆಟ್ಟು ಒತ್ತಿದ್ದಾನೆ. ಎರಡನೆಯದರ ಪ್ರಕಾರ ಗಾಯಾಳುವು ಚಿತ್ತಸ್ವಾಸ್ಥ್ಯವಿಲ್ಲದವನಾದ ಕಾರಣ ಅವನ ಮಾತು ನಂಬಲರ್ಹವಲ್ಲ. ಒಬ್ಬನೇ ಮನುಷ್ಯ, ಒಂದೇ ದಿನ, ಕೆಳಗೆ ಒಬ್ಬರೇ ಅಧಿಕಾರಿಯ ಸಹಿ. ವೈದ್ಯಶಾಸ್ತ್ರ ಅಪರಾಹ್ನದೊಳಗೆ ಸಾಧಿಸಲಾಗದ ಬದಲಾವಣೆ ಇದು.

ಇಷ್ಟು ನಿಚ್ಚಳವಾದ ಕೂಟಶಾಸನ ನನ್ನ ಇಡೀ ವೃತ್ತಿಯಲ್ಲಿ ಕೈಗೆ ಸಿಕ್ಕಿರಲಿಲ್ಲ. ಉತ್ಸಾಹ ತಡೆಯಲಾಗದೆ ವಿಸ್ತಾರವಾದ ಟಿಪ್ಪಣಿ ಬರೆದೆ. ಎಲ್ಲೆಲ್ಲಿ ದಿನಾಂಕ ಹೊಂದುವುದಿಲ್ಲ, ಎಲ್ಲೆಲ್ಲಿ ಹೇಳಿಕೆ ಹೇಳಿಕೆಗೆ ತಾಳೆಯಾಗುವುದಿಲ್ಲ ಎಂದು ಅಡಿಟಿಪ್ಪಣಿ ಸಹಿತ ತೋರಿಸಿ ಹಿರಿಯ ಅಧಿಕಾರಿಗಳಿಗೆ ಸಲ್ಲಿಸಿದೆ. ಅವರು ಅದನ್ನು ವಿವರಣೆಗಾಗಿ ಸಂಬಂಧಪಟ್ಟವರಿಗೇ ಕಳಿಸಿದರು. ಸಂಬಂಧಪಟ್ಟವರೆಂದರೆ ಅದೇ ಇನ್‌ಸ್ಪೆಕ್ಟರು. ಕೆಲವು ವಾರಗಳ ನಂತರ ಬಂದ ವರದಿಯಲ್ಲಿ ನಾನು ತೋರಿಸಿದ ಒಂದೊಂದು ದೋಷವೂ ಅಚ್ಚುಕಟ್ಟಾಗಿ ತಿದ್ದಿಹೋಗಿತ್ತು. ಆರೋಪಿಯ ಕಾಯಿಲೆ ಆಗಾಗ ಬಂದುಹೋಗುವ ಸ್ವರೂಪದ್ದಾಗಿದ್ದು, ಬೆಳಿಗ್ಗೆ ಸ್ವಸ್ಥನಿದ್ದವನು ಮಧ್ಯಾಹ್ನ ಅಸ್ವಸ್ಥನಾದನು ಎಂಬ ವಾಕ್ಯವೂ ಸೇರಿತ್ತು. ನಾನು ಪ್ರಬಂಧಗಳಲ್ಲಿ ಸೂಚಿಸಿದ ತಿದ್ದುಪಡಿಗಳನ್ನು ಯಾವ ವಿದ್ವಾಂಸನೂ ಇಷ್ಟು ವಿನಯದಿಂದ ಸ್ವೀಕರಿಸಿದ್ದಿಲ್ಲ.

ನಾವು ವಕೀಲರೊಬ್ಬರ ಬಳಿ ಹೋದೆವು. ಆಕೆ ನನ್ನ ಟಿಪ್ಪಣಿಯನ್ನು ಓದಿ ಕನ್ನಡಕ ತೆಗೆದಿಟ್ಟರು.

“ತುಂಬಾ ಚೆನ್ನಾಗಿ ಬರ್ದಿದೀರ ಸಾರ್. ಮುಂದಿನ ಸಲ ಅವರಿಗೆ ತೋರ್ಸೋಕೆ ಮುಂಚೆ ನಂಗೆ ತೋರ್ಸಿ.”

ಬಳಿಕ ಅಕ್ಕನ ಕಡೆ ತಿರುಗಿ ಇಕ್ಕಟ್ಟನ್ನು ಬಿಡಿಸಿ ಹೇಳಿದರು. ತಮ್ಮನಿಗೆ ಬುದ್ಧಿ ಸ್ಥಿಮಿತದಲ್ಲಿರಲಿಲ್ಲವೆಂದು ನಾವೇ ವಾದಿಸಿದರೆ ಅವರ ಮೇಲಿನ ಪ್ರಕರಣ ಬಿದ್ದುಹೋಗುತ್ತದೆ. ಆದರೆ ಆ ಮಾತನ್ನೇ ಪೊಲೀಸರು ಹಿಡಿದುಕೊಂಡು, ಹೊಡೆದರೆಂದು ಅವರು ಹೇಳುವುದಕ್ಕೂ ಬೆಲೆಯಿಲ್ಲ ಎನ್ನುತ್ತಾರೆ. ಬುದ್ಧಿ ಸರಿಯಾಗಿತ್ತು ಎಂದರೆ ಮಾತಿಗೆ ಬೆಲೆ ಬರುತ್ತದೆ, ಜೊತೆಗೆ ಜೈಲೂ ಬರಬಹುದು.

“ಹುಚ್ಚ ಅಂತ ಬರ್ಸಿ ಮನೇಗ್ ಕರ್ಕೊಂಡ್ ಹೋಗಿ ಅಂತ ಯಾರಾದ್ರೂ ಹೇಳ್ತಾರೆ. ನಿಮಗೇನ್ ಬೇಕು ಹೇಳಿ.”

ಅಕ್ಕ ಸೆರಗಿನ ಅಂಚನ್ನು ಮಡಚುತ್ತ ಹೇಳಿದರು. “ಇಷ್ಟು ವರ್ಷ ಡಾಕ್ಟ್ರು, ನಾನು ಸೇರ್ಕೊಂಡು ಅವನಿಗೆ ಒಂದೇ ಪಾಠ ಕಲ್ಸಿದೀವಿ. ನಿಂಗೆ ಕೇಳ್ಸೋದೆಲ್ಲ ನಿಜ ಅಲ್ಲ ಕಣೋ, ನಿಂತು ಯೋಚ್ನೆ ಮಾಡು ಅಂತ. ಈಗ ದಿನಾ ಬೆಳಿಗ್ಗೆ ಎದ್ದು, ‘ಅಕ್ಕಾ, ಅವ್ರು ಹೊಡ್ದಿದ್ದು ನಿಜಾನಾ?’ ಅಂತಾನೆ. ಸ್ಟೇಷನ್ನೋರು ಗೋಡೆ ಅಂತಾರಲ್ಲ, ಅವನಿಗೇ ಅನುಮಾನ ಬಂದ್ಬಿಟ್ಟಿದೆ. ನಾನೂ ಹುಚ್ಚು ಅಂತ ಬರ್ಸಿ ಬಿಟ್ರೆ, ಅವನು ಇನ್ಯಾವ್ದನ್ನ ನಂಬ್ತಾನೆ ಮೇಡಮ್? ಹೊಡ್ದಿದ್ದು ನಿಜ ಅಂತ ದೊಡ್ಡೋರು ಯಾರಾದ್ರೂ ಬರೀಲಿ. ಅಷ್ಟೇ.”

ವಕೀಲರು ಕನ್ನಡಕ ಹಾಕಿಕೊಂಡರು. ಮನೋರೋಗಿಯಾದ ಮಾತ್ರಕ್ಕೆ ಯಾರೂ ಸಾಕ್ಷಿ ಹೇಳಲು ಅನರ್ಹರಾಗುವುದಿಲ್ಲ, ಪ್ರಶ್ನೆ ಅರ್ಥವಾಗಿ ಸಮಂಜಸವಾದ ಉತ್ತರ ಕೊಡಬಲ್ಲರೆ ಸಾಕು ಎಂದು ಕಾನೂನಿನಲ್ಲಿದೆಯಂತೆ. ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಹಾಕೋಣ, ಅವರೇ ಕೇಳಿ ನೋಡಲಿ ಎಂದರು.

ಈ ಸುದ್ದಿ ಹೇಗೋ ಊರಿನಲ್ಲಿ ಹರಡಿತು. ಅಕ್ಕನ ದೂರದ ಸಂಬಂಧಿಯೊಬ್ಬರಿದ್ದರು. ಹಿಂದೆ ಹೊಲ ಉಳುತ್ತಿದ್ದು ಈಗ ಕಟ್ಟಡ ಕಟ್ಟುವ, ಚುನಾವಣೆ ಬಂದಾಗ ಬ್ಯಾಟರಾಯನಪುರದ ಎಲ್ಲ ಪಕ್ಷಗಳಿಗೂ ಬೇಕಾಗುವ ಮುಖಂಡರು. ಬಿಳಿ ಕಾರಿನಲ್ಲಿ ಬಂದು, ಚಪ್ಪಲಿ ಬಿಡದೆ ಜಗಲಿಯ ಮೇಲೆ ಕುಳಿತರು. ತಮ್ಮ ಅಲ್ಲೇ ಪಕ್ಕದಲ್ಲಿ ಕುಳಿತಿದ್ದರೂ ಅವರು ಮಾತಾಡಿದ್ದು ಅಕ್ಕನ ಹತ್ತಿರ.

“ಏನ್ ಸಮಾಚಾರ ಅಕ್ಕಯ್ಯ? ಪೊಲೀಸ್ನೋರ ಮೇಲೆ ಕೇಸಂತೆ? ಇಂಗೆಲ್ಲ ಮಾಡಿದ್ರೆ ನಾಳೆ ಆಸ್ತಿ ಗಲಾಟೆ ಬಂದ್ರೆ ಯಾರ್ ಬರ್ತಾರೆ? ನಾನ್ ಮಾತಾಡಿವ್ನಿ. ಸಾಹೇಬ್ರೇ ಬಂದು ಇವನಿಗೊಂದು ಶಾಲು ಹೊದಿಸ್ತಾರೆ. ಪೇಪರ್ನೋರ್ನೂ ಕರ್ಸಾಣ.”

“ಹೋದ್ಸಲದ ಶಾಲೇ ಇನ್ನೂ ಹರ್ದಿಲ್ಲ ಬಿಡಿ,” ಎಂದರು ಅಕ್ಕ.

ಹೊಡೆದವರು ಹೊಡೆಸಿಕೊಂಡವನನ್ನು ಸನ್ಮಾನಿಸುವ ಪದ್ಧತಿಗೆ ಶಾಸನಗಳಲ್ಲಿ ಆಧಾರವಿದೆಯೇ ಎಂದು ನಾನು ಹುಡುಕಿದೆ. ಸಿಗಲಿಲ್ಲ. ಇದು ನಮ್ಮ ಕಾಲದ ಸ್ವತಂತ್ರ ಕೊಡುಗೆ.

ಮ್ಯಾಜಿಸ್ಟ್ರೇಟರ ಮುಂದೆ ತಮ್ಮನ ಹೇಳಿಕೆಯ ಸರದಿ ಬಂದದ್ದು 2019ರಲ್ಲಿ, ಯುಗಾದಿಯ ನಂತರ. ವಿಳಂಬಿ ಮುಗಿದು ವಿಕಾರಿ ಸಂವತ್ಸರ ಆರಂಭವಾಗಿತ್ತು. ಹೆಸರುಗಳನ್ನು ಇಟ್ಟವನು ನಾನಲ್ಲ. ಠಾಣೆಯ ಪೇದೆಯೊಬ್ಬ ಹಿಂದಿನ ಬೆಂಚಿನಲ್ಲಿ ಕುಳಿತು ಎಲ್ಲವನ್ನೂ ಆಸಕ್ತಿಯಿಂದ ಗಮನಿಸುತ್ತಿದ್ದ. ಅಕ್ಕ ತಮ್ಮನಿಗೆ ಒಗೆದ ಅಂಗಿ ತೊಡಿಸಿ, ತಲೆಗೆ ಎಣ್ಣೆ ಹಚ್ಚಿ ಕರೆತಂದಿದ್ದರು. ಖಾಕಿ ಕಂಡೊಡನೆ ಅವರು ಅಕ್ಕನ ಹಿಂದೆ ಸರಿದು ನಿಂತರು.

ಮ್ಯಾಜಿಸ್ಟ್ರೇಟರು ನಡುವಯಸ್ಸಿನ ಮಹಿಳೆ. ವೈದ್ಯರ ಪ್ರಮಾಣಪತ್ರವನ್ನು ನೋಡಿ, ಮೊದಲು ಬುದ್ಧಿಯ ಪರೀಕ್ಷೆಗೆ ತೊಡಗಿದರು.

“ಇವತ್ತು ತಾರೀಖು ಎಷ್ಟು?”

ತಮ್ಮ ಯೋಚಿಸಿ, “ಗೊತ್ತಿಲ್ಲ,” ಎಂದರು.

ಹಿಂದಿನ ಬೆಂಚಿನಲ್ಲಿ ಪೇದೆ ನಸುನಕ್ಕ. ಮ್ಯಾಜಿಸ್ಟ್ರೇಟರು ಬರೆದುಕೊಳ್ಳಲು ಪೆನ್ನು ಎತ್ತಿದವರು, “ಎಷ್ಟು ಇವತ್ತು?” ಎಂದು ಗುಮಾಸ್ತರನ್ನು ಕೇಳಿದರು. ಗುಮಾಸ್ತರು ಗೋಡೆಯತ್ತ ನೋಡಿದರು. ಅಲ್ಲಿ ಇನ್ನೂ ಹಿಂದಿನ ತಿಂಗಳೇ ನಡೆಯುತ್ತಿತ್ತು. ಅವರು ಪಕ್ಕದವರನ್ನು ಕೇಳಿದರು, ಪಕ್ಕದವರು ಮೊಬೈಲು ತೆಗೆದರು. ತಿಥಿ ನಕ್ಷತ್ರ ಸಹಿತ ಹೇಳಬಲ್ಲ ನಾನು ಅಲ್ಲೇ ಇದ್ದೆ. ನನ್ನನ್ನು ಯಾರೂ ಕೇಳಲಿಲ್ಲ.

ಮ್ಯಾಜಿಸ್ಟ್ರೇಟರ ತುಟಿಯಲ್ಲಿ ಸಣ್ಣ ನಗು ಸುಳಿಯಿತು. ಆ ಪ್ರಶ್ನೆಯನ್ನು ಅವರು ಅಲ್ಲಿಗೇ ಬಿಟ್ಟರು.

“ಇಲ್ಲಿ ನಿಜ ಹೇಳ್ಬೇಕು. ನಿಜ ಹೇಳೋದು ಅಂದ್ರೆ ಏನು, ಗೊತ್ತಾ?”

“ಆಗಿದ್ದನ್ನ ಹೇಳೋದು. ಬರೀ ಕೇಳ್ಸಿದ್ದನ್ನ ಬಿಡೋದು.”

“ಬರೀ ಕೇಳ್ಸಿದ್ದು ಅಂದ್ರೆ?”

“ಕಿವೀಲಿ ಮಾತಾಡ್ತಾರೆ ನಂಗೆ. ಅದು ಕಾಯಿಲೆ. ಡಾಕ್ಟ್ರು ಹೇಳವ್ರೆ, ಲೆಕ್ಕಕ್ಕಿಟ್ಕೋಬೇಡ ಅಂತ.”

“ಹಾಗಾದ್ರೆ ಪೊಲೀಸರು ಹೊಡೆದ್ರು ಅಂತೀರಲ್ಲ, ಅದು ಆಗಿದ್ದಾ, ಇಲ್ಲ ಬರೀ ಕೇಳ್ಸಿದ್ದಾ?”

ತಮ್ಮ ಅಕ್ಕನ ಕಡೆ ತಿರುಗಿದರು. ದಿನವೂ ಬೆಳಿಗ್ಗೆ ಅವರು ಕೇಳುತ್ತಿದ್ದ ಪ್ರಶ್ನೆಯನ್ನೇ ಈಗ ಬೇರೊಬ್ಬರು ಅವರನ್ನು ಕೇಳುತ್ತಿದ್ದರು. ಅಕ್ಕ ಮಿಸುಕದೆ ನಿಂತಿದ್ದರು. ಸೂಚನೆ ಕೊಡಬಾರದೆಂದು ವಕೀಲರು ಹೇಳಿದ್ದರು.

“ಬರೀ ಕೇಳ್ಸಿದ್ದಾಗಿದ್ರೆ ಬೆನ್ನು ಊದ್ಕೊತಿರ್ಲಿಲ್ಲ ಅಮ್ಮ,” ಎಂದರು ತಮ್ಮ ನಿಧಾನವಾಗಿ. “ಕಿವೀಲಿ ಎಷ್ಟು ವರ್ಷದಿಂದ ಬೈದವ್ರೆ. ಒಂದ್ ದಿನಾನೂ ಬಾಸುಂಡೆ ಬಂದಿಲ್ಲ.”

ಸಾಕ್ಷಿಗೆ ಪ್ರಶ್ನೆಗಳು ಅರ್ಥವಾಗುತ್ತವೆ, ಸಮಂಜಸವಾದ ಉತ್ತರ ಕೊಡಲು ಅವರು ಸಮರ್ಥರು ಎಂದು ಮ್ಯಾಜಿಸ್ಟ್ರೇಟರು ಬೆರಳಚ್ಚುಗಾರರಿಗೆ ಬರೆಸಿದರು. ಆಮೇಲೆ ಹೊಡೆತದ ವಿವರವನ್ನೆಲ್ಲ ಕೇಳಿ, ಅವರ ಮಾತಿನಲ್ಲೇ ದಾಖಲಿಸಿದರು. ಕೊನೆಯಲ್ಲಿ ಓದಿ ಹೇಳಿದಾಗ ತಮ್ಮ ಒಂದು ತಿದ್ದುಪಡಿ ಸೂಚಿಸಿದರು. ಲಾಠಿ ಮುರಿಯಿತು ಎಂದು ಬರೆದಿದ್ದರು. ಮುರಿಯಲಿಲ್ಲ, ಸೀಳಿತು ಅಷ್ಟೇ ಎಂದರು. ಪೇದೆ ಆಗ ನಗಲಿಲ್ಲ.

ಇಲ್ಲಿಗೆ ನ್ಯಾಯ ದೊರಕಿತೆಂದು ಯಾರೂ ಭಾವಿಸಬಾರದು. ಸರ್ಕಾರಿ ನೌಕರರ ಮೇಲೆ ಮೊಕದ್ದಮೆ ನಡೆಸಲು ಸರ್ಕಾರದ ಅನುಮತಿ ಬೇಕೆಂಬ ವಾದ ಎದ್ದಿತು. ಕಡತ ಅನುಮತಿ ಕೋರಿ ಹೊರಟಿತು. ನಮ್ಮ ಕಡತಗಳು ಸಾಲಾಗಿ ನಡೆಯುತ್ತವೆ, ಅವುಗಳ ಮುಂದೆ ಸೀಟಿ ಊದಿ ದಾರಿ ಬಿಡಿಸುವವರಿಲ್ಲ. ಇನ್‌ಸ್ಪೆಕ್ಟರು ಬೇರೆಡೆಗೆ ವರ್ಗವಾದರು. ಅದು ಶಿಕ್ಷೆಯೋ ಬಹುಮಾನವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ತಮ್ಮನ ಮೇಲಿನ ಪ್ರಕರಣವಂತೂ ಹಾಗೆಯೇ ಇತ್ತು.

ಆ ವರ್ಷದ ಕೊನೆಗೆ ಮುಖಂಡರು ಮತ್ತೆ ಬಂದರು. ಈ ಸಲ ಚಪ್ಪಲಿಯನ್ನು ಹೊರಗೆ ಬಿಟ್ಟರು. ಹೇಳಿಕೆ ದಾಖಲಾಗಿರುವುದು ಠಾಣೆಗೆ ಸ್ವಲ್ಪ ಇರುಸುಮುರುಸು ತಂದಿತ್ತೆಂದು ತೋರುತ್ತದೆ. ಅಕ್ಕ ಕಾಫಿ ಕೊಟ್ಟರು, ನನ್ನನ್ನೂ ಮಹಡಿಯಿಂದ ಕರೆದರು.

“ಅಕ್ಕಯ್ಯ, ಈ ಸಲ ಸರಿಯಾದ ಮಾತು ತಂದಿವ್ನಿ. ನೀವು ನಿಮ್ದು ವಾಪಸ್ ತಗೊಳ್ಳಿ, ಅವ್ರು ಇವನ ಮೇಲಿರೋದು ಬಿಟ್ಬಿಡ್ತಾರೆ. ಸಮ ಸಮ. ಏನಂತೀರಾ?”

ನಾನು ಅಕ್ಕನ ಮುಖ ನೋಡಿದೆ. ನಿಜ ಹೇಳಬೇಕೆಂದರೆ, ಒಪ್ಪಿಕೊಳ್ಳಿ ಎನ್ನಬೇಕೆಂದು ನನಗೇ ಅನ್ನಿಸಿತ್ತು. ತಮ್ಮನ ತಲೆಯ ಮೇಲೆ ಜೈಲು ತೂಗುತ್ತಿತ್ತು.

“ನನ್ನ ಯಾಕ್ ಕೇಳ್ತೀರಾ?” ಎಂದರು ಅಕ್ಕ. “ಅವನನ್ನ ಕೇಳಿ. ಕೋರ್ಟೇ ಅವನನ್ನ ಕೇಳಿದೆ. ನಿಮಗೇನು?”

ಮುಖಂಡರಿಗೆ ಇದು ಹೊಸ ಅನುಭವ. ಬಾಲ್ಯದಿಂದ ಕಂಡ ಸಂಬಂಧಿಯ ಕಡೆ ಅವರು ಕುರ್ಚಿಯನ್ನು ಅರ್ಧ ತಿರುಗಿಸಿ, ಮಗುವಿಗೆ ಹೇಳುವಂತೆ ಜೋರಾಗಿ ಬಿಡಿಸಿ ಹೇಳಿದರು. “ಏನಪ್ಪಾ, ರಾಜಿ ಆಗೋಣ್ವಾ? ಮರ್ತುಬಿಡೋಣ್ವಾ?”

ಕಾಫಿಯ ಲೋಟವನ್ನು ಕೆಳಗಿಟ್ಟು ತಮ್ಮನೇ ಮುಖಂಡರನ್ನು ಕೇಳಿದರು.

“ನಿನ್ ಬೆನ್ನಿಗೆ ಹೊಡೆದ್ರಾ?”

“ನಂಗ್ಯಾಕೆ ಹೊಡೀತಾರೆ?”

“ಮತ್ತೆ ನೀನ್ಯಾಕೆ ರಾಜಿ ಆಗ್ತೀಯ?”

ಮುಖಂಡರು ಸಹಾಯಕ್ಕಾಗಿ ನನ್ನನ್ನು ನೋಡಿದರು, ಓದಿದವನೆಂಬ ಭರವಸೆಯಿಂದ. ನಾನು ಕಾಫಿ ಕುಡಿಯುವುದರಲ್ಲಿ ಮಗ್ನನಾಗಿದ್ದೆ.